ಹೆಸರಿಗೆ ಯಾವ ಅಕ್ಷರ? ಜಪಾನಿನ ಮುದ್ರೆ, ಖಡ್ಗ, ಶಿಲೆಗಳಲ್ಲಿ ಪರದೇಶಿ ಹೆಸರುಗಳು

1784ರಲ್ಲಿ ಜಪಾನಿನ ಕ್ಯೂಶೂ ಪ್ರಾಂತ್ಯದ ಶಿಕಾನೊಶಿಮಾ ಎಂಬ ಸಣ್ಣ ದ್ವೀಪದಲ್ಲಿ, ಹೊಲದ ಕಾಲುವೆ ಸರಿಪಡಿಸುತ್ತಿದ್ದ ರೈತನಿಗೆ ಒಂದು ಬಂಗಾರದ ಮುದ್ರೆ ಸಿಕ್ಕಿತು. ಅದರ ಚೌಕದ ಒಂದೊಂದು ಬದಿ ಸುಮಾರು 2.3 ಸೆಂಟಿಮೀಟರ್, ತೂಕ 108 ಗ್ರಾಂನಷ್ಟು. ಮೇಲೆ ಕೊರೆದಿರುವುದು ಐದೇ ಐದು ಚೀನೀ ಅಕ್ಷರ. ಹೆಚ್ಚಿನ ವಿದ್ವಾಂಸರು ಒಪ್ಪಿರುವ ಓದಿನ ಪ್ರಕಾರ ‘ಹಾನ್ ಸಾಮ್ರಾಜ್ಯದ ಅಧೀನದ ವಾ ನಾಡಿನ, ನಾ ರಾಜ್ಯದ ಅರಸ’ ಎಂದು ಅದರ ಅರ್ಥ. ಕ್ರಿ.ಶ. 57ರಲ್ಲಿ ಹಾನ್ ಚಕ್ರವರ್ತಿ ಗುವಾಂಗ್‌ವು ‘ವಾ’ ನಾಡಿನಿಂದ ಬಂದ ದೂತರಿಗೆ ಮುದ್ರೆಯೊಂದನ್ನು ಕೊಟ್ಟನೆಂದು ಚೀನಾದ ಇತಿಹಾಸ ಗ್ರಂಥ ಹೇಳುತ್ತದೆ. ಅದೇ ಮುದ್ರೆ ಇದು ಎಂದು ನಂಬಲಾಗಿದೆ. ಈಗ ಫುಕುವೊಕಾ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಮುದ್ರೆ ಬಂಗಾರದ್ದೇ, ಗೌರವವೂ ದೊಡ್ಡದೇ. ಆದರೆ ‘ನಾ’ ಎಂಬ ಉಚ್ಚಾರಕ್ಕೆ ಬರೆದಿರುವ ಅಕ್ಷರ ಇದೆಯಲ್ಲ, ಅದರ ಅರ್ಥ ‘ಗುಲಾಮ’!

ಪರಭಾಷೆಯ ಹೆಸರನ್ನು ನಮ್ಮ ಲಿಪಿಯಲ್ಲಿ ಬರೆಯುವುದು ಬರೀ ಉಚ್ಚಾರದ ಪ್ರಶ್ನೆ ಅಂತ ನಾವು ಅಂದುಕೊಳ್ಳುತ್ತೇವೆ. ಕನ್ನಡದಲ್ಲಿ ಹಾಗೇ ಇದೆ ಕೂಡ. ‘ನಾ’ ಅಂತ ಬರೆದರೆ ಅದು ಒಂದು ಧ್ವನಿ, ಅಷ್ಟೇ. ಆದರೆ ಚೀನೀ ಅಕ್ಷರಕ್ಕೆ ಧ್ವನಿಯ ಜೊತೆ ಅರ್ಥವೂ ಅಂಟಿಕೊಂಡಿರುತ್ತದೆ. ಅಲ್ಲಿ ಹೆಸರು ಬರೆಯುವವನ ಮುಂದೆ ಒಂದೇ ಧ್ವನಿಗೆ ಹತ್ತಾರು ಅಕ್ಷರಗಳಿರುತ್ತವೆ: ಒಳ್ಳೆಯವು, ಕೆಟ್ಟವು, ಯಾವುದೂ ಅಲ್ಲದವು. ಅವನು ಆರಿಸಿದ ಅಕ್ಷರದಲ್ಲಿ ಆ ಪರದೇಶಿಯ ಬಗ್ಗೆ ಅವನ ಅಭಿಪ್ರಾಯವೂ ದಾಖಲಾಗಿಬಿಡುತ್ತದೆ. ಜಪಾನ್ ಈ ಪದ್ಧತಿಗೆ ಮೊದಲು ಗುರಿಯಾಯಿತು, ನಂತರ ತಾನೇ ಬೇರೆಯವರ ಮೇಲೆ ಪ್ರಯೋಗಿಸಿತು, ಕೊನೆಗೆ ಅದರಿಂದ ಹೊರಬರುವ ದಾರಿಯನ್ನೂ ಕಂಡುಕೊಂಡಿತು. ಆ ದಾರಿಯಲ್ಲಿ ನಮ್ಮ ವರ್ಣಮಾಲೆಯ ಪಾಲೂ ಇದೆ. ಅದನ್ನು ಶಾಸನಗಳ ಸಾಕ್ಷ್ಯದೊಂದಿಗೆ ನೋಡೋಣ.

ಕೀಳು ಅಕ್ಷರಗಳ ರಾಣಿ

3ನೇ ಶತಮಾನದ ಕೊನೆಯಲ್ಲಿ ಚೆನ್ ಶೌ ಬರೆದ ಚೀನೀ ಇತಿಹಾಸದಲ್ಲಿ ವಾ ನಾಡಿನ ರಾಣಿಯೊಬ್ಬಳ ಪ್ರಸ್ತಾಪವಿದೆ. ಅವಳ ಹೆಸರು ಹಿಮಿಕೊ, ರಾಜ್ಯ ಯಮತಾಯ್. ಜಪಾನಿನ ಇತಿಹಾಸದಲ್ಲಿ ಹೆಸರು ತಿಳಿದಿರುವ ಅತಿ ಹಳೆಯ ಆಳರಸರಲ್ಲಿ ಇವಳೂ ಒಬ್ಬಳು. ಅವಳ ಹೆಸರಿನ ಮೊದಲ ಅಕ್ಷರದ ಅರ್ಥ ‘ಕೀಳು’. ರಾಜ್ಯದ ಹೆಸರಿನ ಮೊದಲ ಅಕ್ಷರದ ಅರ್ಥ ‘ದುಷ್ಟ’. ನಾಡಿನ ಹೆಸರಾದ ‘ವಾ’ ಎಂಬ ಅಕ್ಷರಕ್ಕೂ ‘ಬಾಗಿದ, ವಿಧೇಯ’ ಎಂಬ ಛಾಯೆ ಇತ್ತೆಂದು ಹಲವರು ವಿವರಿಸುತ್ತಾರೆ.

ಚೀನೀ ಲಿಪಿಯನ್ನು ಚೆನ್ನಾಗಿ ಕಲಿತ ಮೇಲೆ ಜಪಾನೀಯರಿಗೆ ಇದು ಕಣ್ಣಿಗೆ ಚುಚ್ಚಿರಬೇಕು. ತಮ್ಮ ಹೆಸರು ಚೆನ್ನಾಗಿಲ್ಲವೆಂದು ಬೇಸರಪಟ್ಟು ಅವರು ‘ನಿಹೊನ್’, ಅಂದರೆ ‘ಸೂರ್ಯನ ಮೂಲ’ ಎಂದು ಬದಲಿಸಿಕೊಂಡರು ಎಂದು ತಾಂಗ್ ವಂಶದ ಹಳೆಯ ಇತಿಹಾಸವೇ ಬರೆದಿದೆ. 8ನೇ ಶತಮಾನದಲ್ಲಿ ‘ವಾ’ ಶಬ್ದಕ್ಕೂ ಅದೇ ಉಚ್ಚಾರದ, ಆದರೆ ‘ಸಾಮರಸ್ಯ’ ಎಂಬ ಅರ್ಥದ ಬೇರೆ ಅಕ್ಷರವನ್ನು ಹಾಕಿಕೊಂಡರು. ಇವತ್ತಿಗೂ ಜಪಾನೀ ಉಡುಗೆ, ಜಪಾನೀ ಅಡುಗೆ ಎನ್ನುವಾಗ ಬರುವ ‘ವಾ’ ಇದೇ.

ಭಾರತದ ಹೆಸರಿಗೂ ಇಂಥ ಪಾಡು ಬಂದಿತ್ತು. ‘ಸಿಂಧು’ ಎಂಬುದನ್ನು ಚೀನೀಯರು ಮೊದಲು ಬರೆದದ್ದು ‘ದೇಹ’ ಮತ್ತು ‘ವಿಷ’ ಎಂಬ ಅರ್ಥದ ಎರಡು ಅಕ್ಷರಗಳಲ್ಲಿ. ನಮಗೆಲ್ಲ ಪರಿಚಿತನಾದ ಹ್ಯೂಯೆನ್ ತ್ಸಾಂಗ್ 646ರ ತನ್ನ ಪ್ರವಾಸ ಗ್ರಂಥದಲ್ಲಿ, ಈ ಹಳೆಯ ರೂಪಗಳು ಸರಿಯಿಲ್ಲ, ‘ಇಂದು’ ಎಂಬ ಉಚ್ಚಾರವೇ ಸರಿ ಎಂದು ವಾದಿಸಿ ಹೊಸ ಅಕ್ಷರಗಳನ್ನು ಕೊಟ್ಟ. ಚಂದ್ರ ಎಂಬ ಅರ್ಥದ ‘ಇಂದು’ವಿಗೂ ಅದನ್ನು ಜೋಡಿಸಿದ. ಚೀನಾ, ಜಪಾನ್ ಎರಡರಲ್ಲೂ ಭಾರತಕ್ಕೆ ನಿಂತ ಬರಹ ಅದೇ.

ಇದೇ ಗ್ರಂಥದಲ್ಲಿ ನಮ್ಮ ಇಮ್ಮಡಿ ಪುಲಕೇಶಿಯೂ ಇದ್ದಾನೆ. ಹ್ಯೂಯೆನ್ ತ್ಸಾಂಗ್ ಅವನ ಹೆಸರನ್ನು ನಾಲ್ಕು ಅಕ್ಷರಗಳಲ್ಲಿ, ಧ್ವನಿ ಮಾತ್ರ ನೋಡಿ ಬರೆದ. ಆ ಕಾಲದ ಚೀನೀ ಉಚ್ಚಾರದಲ್ಲಿ ಅದು ಹೆಚ್ಚುಕಡಿಮೆ ‘ಪು-ಲ-ಕೇಯ್-ಶ’. ಈ ಗ್ರಂಥ ಜಪಾನಿಗೂ ಹೋಯಿತು, ಅಲ್ಲಿನ ಮಠಗಳಲ್ಲಿ ಶತಮಾನಗಳ ಕಾಲ ನಕಲಾಯಿತು. ಅವೇ ನಾಲ್ಕು ಅಕ್ಷರಗಳನ್ನು ಇವತ್ತಿನ ಜಪಾನೀ ಉಚ್ಚಾರದಲ್ಲಿ ಓದಿದರೆ ‘ಹೊ-ರ-ಕೇಯ್-ಶ’ ಆಗುತ್ತದೆ! ‘ಲ’ ಹೋಗಿ ‘ರ’ ಬಂದದ್ದು ಸರಿ, ಜಪಾನಿಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ‘ಪು’ ಹೇಗೆ ‘ಹೊ’ ಆಯಿತು? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಳ್ಳಿ.

ತುಕ್ಕಿನ ಕೆಳಗಿದ್ದ 115 ಅಕ್ಷರ

ಟೋಕಿಯೊ ಸಮೀಪದ ಸೈತಾಮಾ ಪ್ರಾಂತ್ಯದಲ್ಲಿ ಇನರಿಯಾಮಾ ಎಂಬ ದೊಡ್ಡ ಸಮಾಧಿ ದಿಬ್ಬವಿದೆ. 1968ರ ಉತ್ಖನನದಲ್ಲಿ ಅಲ್ಲಿ ಒಂದು ಕಬ್ಬಿಣದ ಖಡ್ಗ ಸಿಕ್ಕಿತು. ತುಕ್ಕು ಹಿಡಿದ ಖಡ್ಗ. ಹತ್ತು ವರ್ಷ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. 1978ರಲ್ಲಿ ಸಂರಕ್ಷಣೆಯ ಕೆಲಸಕ್ಕೆಂದು ಎಕ್ಸ್-ರೇ ತೆಗೆದಾಗ, ತುಕ್ಕಿನ ಕೆಳಗೆ ಬಂಗಾರದ ಎಳೆ ಕೂರಿಸಿ ಬರೆದ 115 ಅಕ್ಷರಗಳು ಎರಡೂ ಮುಖಗಳಲ್ಲಿ ಹೊಳೆದವು. ಹೆಚ್ಚಿನವರು ಇದರ ಕಾಲವನ್ನು ಕ್ರಿ.ಶ. 471 ಎಂದು ನಿಗದಿಪಡಿಸುತ್ತಾರೆ.

ಶಾಸನದ ಭಾಷೆ ಚೀನೀ. ವಿಷಯ ನಮ್ಮ ಶಾಸನ ಓದುಗರಿಗೆ ಹೊಸದೇನಲ್ಲ: ವೊವಾಕೆ ಎಂಬವನು ತನ್ನ ವಂಶಾವಳಿ ಹೇಳಿ, ಅರಸ ವಕತಕೆರು ಆಳುವಾಗ ತಾನು ಸೇವೆ ಸಲ್ಲಿಸಿದೆ ಎಂದು ಈ ಖಡ್ಗ ಮಾಡಿಸಿದ್ದಾನೆ. ಆದರೆ ವಂಶಾವಳಿಯ ಹೆಸರುಗಳೆಲ್ಲ ಜಪಾನೀ. ಚೀನೀ ವಾಕ್ಯದ ನಡುವೆ ಜಪಾನೀ ಹೆಸರು ಬರೆಯುವುದು ಹೇಗೆ? ಚೀನೀಯರು ಪರದೇಶಿ ಹೆಸರುಗಳಿಗೆ, ಬೌದ್ಧ ಗ್ರಂಥಗಳ ಸಂಸ್ಕೃತ ಪದಗಳಿಗೆ ಏನು ಮಾಡುತ್ತಿದ್ದರೋ ಅದನ್ನೇ ಇಲ್ಲಿಯೂ ಮಾಡಲಾಗಿದೆ. ವ-ಕ-ತ-ಕೆ-ರು ಎಂಬ ಅರಸನ ಹೆಸರಿಗೆ ಬಳಸಿದ ಅಕ್ಷರಗಳ ಅರ್ಥ ಅನುಕ್ರಮವಾಗಿ ಹಿಡಿ, ಕೂಡಿಸು, ಬಹಳ, ಕೊಂಬೆ, ಉಪ್ಪು. ಅರ್ಥ ನೋಡಿದರೆ ತಲೆಬುಡವಿಲ್ಲ. ಇಲ್ಲಿ ಅರ್ಥವನ್ನು ಬದಿಗಿಟ್ಟು ಧ್ವನಿಯನ್ನಷ್ಟೇ ತೆಗೆದುಕೊಳ್ಳಬೇಕು.

ಅಂದರೆ, ಜಪಾನೀ ಹೆಸರುಗಳು ಅಕ್ಷರರೂಪಕ್ಕೆ ಬಂದದ್ದೇ ‘ಪರದೇಶಿ ಹೆಸರು’ ಬರೆಯುವ ವಿಧಾನದಿಂದ. ಸ್ವಂತ ಅರಸನ ಹೆಸರೂ ಆ ಲಿಪಿಯಲ್ಲಿ ಪರದೇಶಿಯೇ. ಕ್ಯೂಶೂವಿನ ಎತಾ-ಫುನಯಾಮಾ ಸಮಾಧಿಯಲ್ಲಿ 1873ರಲ್ಲೇ ಸಿಕ್ಕಿದ್ದ, ಬೆಳ್ಳಿಯ ಎಳೆ ಕೂರಿಸಿದ ಖಡ್ಗದಲ್ಲಿ ಸವೆದುಹೋಗಿದ್ದ ಅರಸನ ಹೆಸರೂ ಇದೇ ವಕತಕೆರು ಎಂದು ಇನರಿಯಾಮಾ ಖಡ್ಗದ ನಂತರ ಓದಲು ಸಾಧ್ಯವಾಯಿತು. ಒಂದೇ ಅರಸನ ಹೆಸರು ಪೂರ್ವದಲ್ಲೂ ಪಶ್ಚಿಮದಲ್ಲೂ! ಅವನ ಪ್ರಭಾವದ ವ್ಯಾಪ್ತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಕತಕನ ಮತ್ತು ನಮ್ಮ ‘ಪ’ವರ್ಗ

ಧ್ವನಿಗೆಂದು ಹೀಗೆ ಬಳಸಿದ ಅಕ್ಷರಗಳು ಕಾಲಕ್ರಮೇಣ ಸವೆದು ಎರಡು ಸರಳ ಲಿಪಿಗಳಾದವು. ಇಡೀ ಅಕ್ಷರವನ್ನು ವೇಗವಾಗಿ, ದುಂಡಗೆ ಬರೆದು ಆದದ್ದು ಹಿರಗನ. ಅಕ್ಷರದ ಒಂದು ತುಂಡನ್ನು ಮಾತ್ರ ಕತ್ತರಿಸಿಕೊಂಡು ಆದದ್ದು ಕತಕನ. ಕನ್ನಡದಲ್ಲಿ ಇದನ್ನು ‘ಕಟಕಾನಾ’ ಎಂದು ಬರೆಯುವುದುಂಟು. ಮೂಲದಲ್ಲಿ ಎಲ್ಲವೂ ಹ್ರಸ್ವ, ‘ತ’ ದಂತ್ಯ. (ಪರದೇಶಿ ಹೆಸರನ್ನು ತಮ್ಮ ಕಿವಿಗೆ ತಕ್ಕಂತೆ ಬರೆಯುವುದು ಅವರೊಬ್ಬರೇ ಅಲ್ಲ!) 9ನೇ ಶತಮಾನದ ಹೊತ್ತಿಗೆ ಬೌದ್ಧ ಭಿಕ್ಷುಗಳು ಚೀನೀ ಸೂತ್ರಗಳ ಸಾಲುಗಳ ನಡುವೆ ಉಚ್ಚಾರ ಗುರುತು ಹಾಕಿಕೊಳ್ಳಲು ಈ ತುಂಡಕ್ಷರಗಳನ್ನು ಬಳಸುತ್ತಿದ್ದರು. ಇನ್ನೊಂದು ಗಮ್ಮತ್ತು ನೋಡಿ: ಕತಕನದ ‘ಕ’ ಮತ್ತು ‘ತ’ ಹುಟ್ಟಿದ್ದು ವಕತಕೆರುವಿನ ಹೆಸರಿನಲ್ಲಿ ‘ಕ’ ಮತ್ತು ‘ತ’ಗೆ ಬಳಸಿದ, ‘ಕೂಡಿಸು’ ಮತ್ತು ‘ಬಹಳ’ ಎಂಬ ಅರ್ಥದ ಅವೇ ಎರಡು ಅಕ್ಷರಗಳಿಂದ.

ಈ ಲಿಪಿಗಳಿಗೆ ಕ್ರಮ ಬಂದದ್ದು ಭಾರತದಿಂದ. 736ರಲ್ಲಿ ದಕ್ಷಿಣ ಭಾರತದ ಬೋಧಿಸೇನ ಎಂಬ ಭಿಕ್ಷು ಜಪಾನಿಗೆ ಹೋದರು. 752ರಲ್ಲಿ ನಾರಾದ ತೋದಾಯ್-ಜಿ ದೇಗುಲದ ಮಹಾಬುದ್ಧನಿಗೆ ಕಣ್ಣು ಬರೆದವರು ಇವರೇ. ಅವರ ಹೆಸರು ಜಪಾನಿನಲ್ಲಿ ‘ಬೊದಾಯ್-ಸೆನ್ನ’, ಬಿರುದು ‘ಬರಮೊನ್ ಸೋಜೊ’. ಬರಮೊನ್ ಅಂದರೆ ಬ್ರಾಹ್ಮಣ. 806ರಲ್ಲಿ ಚೀನಾದಿಂದ ಮರಳಿದ ಕೂಕಾಯ್ ಎಂಬ ಗುರು ಸಂಸ್ಕೃತ ಮಂತ್ರಗಳ ಜೊತೆ ಸಿದ್ಧಂ ಲಿಪಿಯ ಗ್ರಂಥಗಳನ್ನು ತಂದರು. ಸಿದ್ಧಂ ಕೂಡ ಕನ್ನಡ ಲಿಪಿಯ ಹಾಗೇ ಬ್ರಾಹ್ಮಿಯ ಮೊಮ್ಮಗು. ಇಂದಿಗೂ ಜಪಾನಿನ ಸಮಾಧಿಗಳ ಬಳಿ ನೆಡುವ ಮರದ ಹಲಗೆಗಳ ಮೇಲೆ ಸಿದ್ಧಂ ಬೀಜಾಕ್ಷರಗಳನ್ನು ಕಾಣಬಹುದು. ಆ ಹಲಗೆಯ ಹೆಸರು ‘ಸೊತೊಬ’, ನಮ್ಮ ‘ಸ್ತೂಪ’.

ಸಿದ್ಧಂ ಕಲಿತ ಭಿಕ್ಷುಗಳು ಜಪಾನೀ ಅಕ್ಷರಗಳನ್ನೂ ಸಂಸ್ಕೃತದ ವರ್ಣಮಾಲೆಯಂತೆ ಜೋಡಿಸಿದರು. ಅದರ ಆರಂಭದ ರೂಪಗಳು 11ನೇ ಶತಮಾನಕ್ಕಾಗಲೇ ಕಾಣುತ್ತವೆ. ಇಂದಿನ ಕ್ರಮ ಹೀಗಿದೆ: ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳು ಕ, ಸ, ತ, ನ, ಹ, ಮ, ಯ, ರ, ವ.

ನಮ್ಮ ಕಾಗುಣಿತ ಕಲಿತ ಯಾವ ಮಗುವೂ ಇದನ್ನು ಕೇಳಿ ಒಂದು ಕಡೆ ತಡವರಿಸುತ್ತದೆ. ಕವರ್ಗದ ಜಾಗದಲ್ಲಿ ‘ಕ’ ಇದೆ, ಚವರ್ಗದ ಜಾಗದಲ್ಲಿ ‘ಸ’, ತವರ್ಗದಲ್ಲಿ ‘ತ, ನ’. ಆಮೇಲೆ ‘ಮ’ಕ್ಕೆ ಮೊದಲು ‘ಪ’ ಬರಬೇಕಿತ್ತು. ಅಲ್ಲಿ ‘ಹ’ ಯಾಕೆ ಕೂತಿದೆ?

ಉತ್ತರ ಸರಳ: ಅದು ಮೊದಲು ‘ಪ’ವೇ ಆಗಿತ್ತು. ಪ್ರಾಚೀನ ಜಪಾನಿಯ ‘ಪ’ ಮೊದಲು ತುಟಿ ಸಡಿಲಾಗಿ ‘ಫ’ದಂತಾಯಿತು, ಆಮೇಲೆ ‘ಹ’ ಆಯಿತು. ಉಚ್ಚಾರ ಜಾರಿದರೂ ವರ್ಣಮಾಲೆಯಲ್ಲಿ ಕೂತ ಜಾಗ ಜಾರಲಿಲ್ಲ. ಪುಲಕೇಶಿ ‘ಹೊರಕೇಯ್ಶ’ ಆದದ್ದೂ ಇದೇ ದಾರಿಯಲ್ಲಿ. ಹಳಗನ್ನಡ ಶಾಸನಗಳನ್ನು ಓದುವವರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ನಮ್ಮ ‘ಪಾಲು’ ‘ಹಾಲು’ ಆದದ್ದು, ‘ಪೂ’ ‘ಹೂ’ ಆದದ್ದು ಇದೇ ಬಗೆಯ ಬದಲಾವಣೆ. ಎರಡು ಭಾಷೆಗಳಿಗೆ ಸಂಬಂಧವಿಲ್ಲ, ಆದರೆ ತುಟಿಗಳು ಎಲ್ಲ ಕಡೆಯೂ ಒಂದೇ.

ನಡುವಿನ ‘ಫ’ ಹಂತಕ್ಕೆ ಶಿಲೆಯ ಸಾಕ್ಷ್ಯವೂ ಇದೆ. ಅದನ್ನು ಬಿಟ್ಟುಹೋದವರು ಪೋರ್ಚುಗೀಸರು.

1610ರ ಒಂದು ಸಮಾಧಿ ಕಲ್ಲು

1543ರಲ್ಲಿ ಪೋರ್ಚುಗೀಸರು ತನೆಗಾಶಿಮಾ ದ್ವೀಪಕ್ಕೆ ಬಂದರು. 1549ರಲ್ಲಿ ಫ್ರಾನ್ಸಿಸ್ ಝೇವಿಯರ್ ಬಂದರು. ಕ್ಯೂಶೂವಿನಲ್ಲಿ ಸಾವಿರಾರು ಮಂದಿ ಕ್ರೈಸ್ತರಾದರು. ನಾಗಸಾಕಿ ಪ್ರಾಂತ್ಯದ ಶಿಮಬರಾ ಪರ್ಯಾಯದ್ವೀಪದಲ್ಲಿ, ಅಡ್ಡ ಮಲಗಿಸಿದ ಮರದ ದಿಮ್ಮಿಯಂತಿರುವ ಒಂದು ಕ್ರೈಸ್ತ ಸಮಾಧಿ ಕಲ್ಲಿದೆ. ಈಗ ಅದು ರಾಷ್ಟ್ರೀಯ ಸ್ಮಾರಕ. ಅದರ ಭಾಷೆ ಜಪಾನೀ, ಲಿಪಿ ಮಾತ್ರ ರೋಮನ್. ದಿಯೊಗೊ ಎಂಬ ಕ್ರೈಸ್ತ ಹೆಸರು ಪಡೆದ ಜಪಾನೀಯನೊಬ್ಬ 83ನೇ ವಯಸ್ಸಿನಲ್ಲಿ, 1610ರಲ್ಲಿ, ಅಂದರೆ ಕೇಯ್ಚೊ ಶಕದ 15ನೇ ವರ್ಷದಲ್ಲಿ ತೀರಿಕೊಂಡ ಎಂದು ಅದು ಹೇಳುತ್ತದೆ. ‘ಶ’ ಧ್ವನಿಗೆ ಪೋರ್ಚುಗೀಸ್ ರೂಢಿಯಂತೆ ‘ಎಕ್ಸ್’ ಅಕ್ಷರ, ‘ಕೆ’ಗೆ ‘ಕ್ಯೂ’ ಅಕ್ಷರ. ಇಂದು ‘ಹಿ’ ಎಂದು ಉಚ್ಚರಿಸುವ ಅವನ ಜಪಾನೀ ಹೆಸರಿನ ಮೊದಲ ಧ್ವನಿಗೆ ಕೊರೆದಿರುವುದು ‘ಎಫ್’. ಜೆಸ್ಯುಯಿಟರು 1592ರಲ್ಲಿ ಅಮಕುಸಾದಲ್ಲಿ ಅಚ್ಚುಹಾಕಿದ ‘ಹೇಯ್ಕೆ’ ಕಥೆಯ ರೋಮನ್ ಲಿಪಿಯ ಪುಸ್ತಕದಲ್ಲೂ ಆ ಹೆಸರು ‘ಫೇಯ್ಕೆ’ ಎಂದೇ ಇದೆ. ಬರೆದವರಿಗೆ ಭಾಷಾಶಾಸ್ತ್ರ ಮಾಡುವ ಉದ್ದೇಶವಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಬರೆದರು, ಅಷ್ಟೇ. ಅದೇ ಈಗ ಪುರಾವೆ.

ಪೋರ್ಚುಗೀಸರಿಂದ ಬಂದ ಪದಗಳು ಇಂದಿಗೂ ಉಳಿದಿವೆ: ರೊಟ್ಟಿಗೆ ‘ಪನ್’, ಗುಂಡಿಗೆ ‘ಬೊತನ್’, ಹೊಗೆಸೊಪ್ಪಿಗೆ ‘ತಬಕೊ’. ಆದರೆ ‘ಕಿರಿಶಿತನ್’, ಅಂದರೆ ಕ್ರಿಶ್ಚಿಯನ್ ಎಂಬ ಪದದ ಗತಿ ಬೇರೆ. ಮೊದಲು ಅದನ್ನು ಬರೆಯುತ್ತಿದ್ದದ್ದು ಶುಭ, ಲಾಭ, ಕೊಂಬೆ, ಕೆಂಪು ಎಂಬ ಅರ್ಥದ ಅಕ್ಷರಗಳಲ್ಲಿ. ಧರ್ಮ ನಿಷೇಧವಾದ ಮೇಲೆ ವಿರೋಧಿ ಬರಹಗಳಲ್ಲಿ ‘ದೆವ್ವ’, ‘ಸಾವು’ ಎಂಬ ಅಕ್ಷರಗಳು ಸೇರಿಕೊಂಡವು. ಉಚ್ಚಾರ ಅದೇ ಕಿರಿಶಿತನ್! 1680ರಲ್ಲಿ ತ್ಸುನಯೊಶಿ ಶೋಗನ್ ಆದ ಮೇಲೆ, ಅವನ ಹೆಸರಿನಲ್ಲಿದ್ದ ‘ಶುಭ’ದ ಅಕ್ಷರವನ್ನು ಈ ಧರ್ಮಕ್ಕೆ ಬಳಸಬಾರದೆಂದು ಅಲ್ಲಿ ‘ಕತ್ತರಿಸು’ ಎಂಬ ಅಕ್ಷರ ಬಂತೆಂದು ವಿವರಿಸುತ್ತಾರೆ. 1868ರಲ್ಲಿ ಮೇಯ್ಜಿ ಸರ್ಕಾರ ಊರೂರಿನಲ್ಲಿ ನಿಲ್ಲಿಸಿದ ಮರದ ಆಜ್ಞಾಫಲಕಗಳಲ್ಲೂ ಇದೇ ಅಕ್ಷರ. ಆ ಫಲಕಗಳನ್ನು ತೆಗೆದದ್ದು 1873ರಲ್ಲಿ.

ವಿಜಯನಗರದ ಶಾಸನಗಳ ‘ಹಿಂದೂರಾಯಸುರತ್ರಾಣ’ ಬಿರುದು ನೆನಪಾಗುತ್ತದೆ ಅಲ್ವೇ? ಅಲ್ಲಿ ‘ಸುಲ್ತಾನ’ನಿಗೆ ದೇವತೆಗಳನ್ನು ಕಾಯುವವನೆಂಬ ಅರ್ಥ ತೊಡಿಸಿದರು, ಇಲ್ಲಿ ಅರ್ಥವನ್ನು ಕಳಚಿ ದೆವ್ವವನ್ನು ತೊಡಿಸಿದರು.

ಅರ್ಥವಿಲ್ಲದ ಅಕ್ಷರದ ಆಯ್ಕೆ

1600ರಲ್ಲಿ ಲೀಫ್ದೆ ಎಂಬ ಡಚ್ ಹಡಗಿನಲ್ಲಿ ಬಂದ ಯಾನ್ ಯೋಸ್ಟೆನ್ ಎಂಬಾತನಿಗೆ ಎದೊ ಕೋಟೆಯ ಕಂದಕದ ಬಳಿ ಮನೆ ಸಿಕ್ಕಿತ್ತು. ಜಪಾನೀಯರ ಬಾಯಲ್ಲಿ ಅವನು ‘ಯಾಯೋಸು’. ಅವನಿದ್ದ ಜಾಗಕ್ಕೂ ಅದೇ ಹೆಸರಾಯಿತು. ಅಕ್ಷರಗಳು ಬದಲಾಗುತ್ತಾ ಬದಲಾಗುತ್ತಾ ಕೊನೆಗೆ ‘ಯಾಏಸು’ ಆಯಿತು: ಎಂಟು, ಪದರ, ಮರಳದಿಣ್ಣೆ. ಇಂದು ಟೋಕಿಯೊ ರೈಲು ನಿಲ್ದಾಣದ ಪೂರ್ವದ್ವಾರದ ಹೆಸರು ಅದೇ. ಫಲಕ ನೋಡಿದವರಿಗೆ ಅಚ್ಚ ಜಪಾನೀ ಸ್ಥಳನಾಮದಂತೆ ಕಾಣುತ್ತದೆ. ಪರದೇಶಿ ಒಳಗಿನವನಾದ, ಆದರೆ ಕಣ್ಣಿಗೆ ಕಾಣದಂತೆ ಕರಗಿಹೋದ. ಸ್ಥಳನಾಮ ಅಧ್ಯಯನ ಮಾಡುವವರು ಈ ಉದಾಹರಣೆಯನ್ನು ಗಂಟು ಹಾಕಿಟ್ಟುಕೊಳ್ಳಬೇಕು. ಅಕ್ಷರದ ಅರ್ಥ ನಂಬಿ ಹೋಗಿದ್ದರೆ ಅಲ್ಲಿ ಮರಳದಿಣ್ಣೆ ಹುಡುಕುತ್ತಿದ್ದೆವು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು ವಿದ್ವಾಂಸ ಅರಾಯ್ ಹಕುಸೇಕಿ. 1708ರಲ್ಲಿ ಜೊವಾನ್ನಿ ಬತ್ತಿಸ್ತ ಸಿದೊತ್ತಿ ಎಂಬ ಇಟಲಿಯ ಪಾದ್ರಿ ಸಮುರಾಯ್ ವೇಷ ಹಾಕಿಕೊಂಡು ಯಾಕುಶಿಮಾ ದ್ವೀಪಕ್ಕೆ ಇಳಿದು ಸಿಕ್ಕಿಬಿದ್ದರು. ಎದೊದಲ್ಲಿ ಅವರನ್ನು ವಿಚಾರಣೆ ಮಾಡಿದ ಹಕುಸೇಕಿ, ಕೇಳಿ ತಿಳಿದ ಪಶ್ಚಿಮದ ಸಂಗತಿಗಳನ್ನು ‘ಸೇಯೋ ಕಿಬುನ್’ ಎಂಬ ಗ್ರಂಥದಲ್ಲಿ ಬರೆದಿಟ್ಟರು. ಅದರಲ್ಲಿ ಪರದೇಶದ ಹೆಸರುಗಳನ್ನು ಬರೆದದ್ದು ಕತಕನದಲ್ಲಿ. ಎದುರಿಗಿದ್ದದ್ದು ನಿಷೇಧಿತ ಧರ್ಮದ ಕೈದಿ. ಬೇಕೆಂದರೆ ಕೆಟ್ಟ ಅಕ್ಷರಗಳಿಗೇನೂ ಬರವಿರಲಿಲ್ಲ. ಹಕುಸೇಕಿ ಅವರ ಧರ್ಮವನ್ನು ಒಪ್ಪಲಿಲ್ಲ, ಹೆಸರನ್ನು ಮಾತ್ರ ಕೇಳಿಸಿದಂತೆ ಬರೆದರು. ಸಿದೊತ್ತಿ 1714ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಅವರದೆಂದು ಗುರುತಿಸಲಾದ ಅಸ್ಥಿ ಟೋಕಿಯೊದಲ್ಲಿ 2014ರ ಉತ್ಖನನದಲ್ಲಿ ಸಿಕ್ಕಿತು.

ಹಾಗಂತ ಹಳೆಯ ಪದ್ಧತಿ ತಕ್ಷಣ ಹೋಗಲಿಲ್ಲ. 19ನೇ ಶತಮಾನದಲ್ಲಿ ದೇಶಗಳ ಹೆಸರೆಲ್ಲ ಮತ್ತೆ ಚೀನೀ ಅಕ್ಷರಗಳಲ್ಲೇ. ರಷ್ಯಾದ ಮೊದಲ ಅಕ್ಷರಕ್ಕೆ ‘ಮಂದಬುದ್ಧಿ’ ಎಂಬ ಅರ್ಥವಿದೆಯೆಂದು ರಷ್ಯನ್ನರು ಆಕ್ಷೇಪಿಸಿದ ಮೇಲೆ ಅಲ್ಲಿ ‘ಇಬ್ಬನಿ’ ಬಂತು. ಇವತ್ತಿಗೂ ಪತ್ರಿಕೆಗಳ ತಲೆಬರಹದಲ್ಲಿ ಜಾಗ ಉಳಿಸಲು ಒಂದೇ ಅಕ್ಷರ ಹಾಕುತ್ತಾರೆ: ಅಮೆರಿಕ ‘ಅಕ್ಕಿ’, ಫ್ರಾನ್ಸ್ ‘ಬುದ್ಧ’, ಜರ್ಮನಿ ‘ಒಂಟಿ’, ಭಾರತ ‘ಮುದ್ರೆ’! 1946ರ ನವೆಂಬರಿನಲ್ಲಿ ಸರ್ಕಾರ ನಿತ್ಯಬಳಕೆಯ ಅಕ್ಷರಪಟ್ಟಿ ಹೊರಡಿಸಿದಾಗ, ಚೀನಾದ್ದನ್ನು ಬಿಟ್ಟು ಉಳಿದ ಪರದೇಶಗಳ ವ್ಯಕ್ತಿ, ಸ್ಥಳನಾಮಗಳನ್ನೂ ಎರವಲು ಪದಗಳನ್ನೂ ‘ಕನ’ದಲ್ಲೇ ಬರೆಯಬೇಕೆಂದು ಸೂಚಿಸಿತು. ರೂಢಿಯಲ್ಲಿ ಅದು ಕತಕನವೇ ಆಯಿತು.

ಜರಡಿಯಲ್ಲಿ ಉಳಿಯುವುದೇನು, ಸೋರುವುದೇನು

ಕತಕನದಲ್ಲಿ ಅವಮಾನಕ್ಕೆ ಜಾಗವಿಲ್ಲ, ಆದರೆ ಅದೊಂದು ಜರಡಿ. ‘ನ್’ ಬಿಟ್ಟರೆ ಬೇರೆ ವ್ಯಂಜನಾಂತ್ಯವಿಲ್ಲ. ಲ, ಳ, ರ ಮೂರಕ್ಕೂ ಒಂದೇ ಅಕ್ಷರ. ಟ, ತ ಒಂದೇ. ಹೀಗಾಗಿ ನಮ್ಮ ಕಾಳಿ, ಕಾಲಿ, ಕಾರಿ ಮೂರೂ ‘ಕಾರಿ’. ಟೋಕಿಯೊ ಯುದ್ಧಾಪರಾಧ ವಿಚಾರಣೆಯ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಅವರ ಸ್ಮಾರಕವನ್ನು 2005ರಲ್ಲಿ ಯಾಸುಕುನಿಯಲ್ಲಿ ನಿಲ್ಲಿಸಿದರು. ಜಪಾನಿಯಲ್ಲಿ ಅವರು ‘ಪಾರು’. ಆದರೆ ಕೆಲವು ವಿಷಯದಲ್ಲಿ ಕತಕನ ನಮಗೆ ಹಿಂದಿಗಿಂತಲೂ ಅನುಕೂಲ. ಹ್ರಸ್ವ-ದೀರ್ಘ ಎ, ಒಗಳ ಭೇದ ಅಲ್ಲಿದೆ. ‘ಬೆಳೆ’ ಬೇರೆ, ‘ಬೇಳೆ’ ಬೇರೆ ಎಂದು ಅಚ್ಚುಕಟ್ಟಾಗಿ ತೋರಿಸಬಹುದು. ‘ಅಕ್ಕ’, ‘ಕನ್ನಡ’ಗಳ ಒತ್ತಕ್ಷರವೂ ಉಳಿಯುತ್ತದೆ.

ಪದ ಯಾವ ಕಾಲದಲ್ಲಿ, ಯಾರ ಬಾಯಿಂದ ಬಂತು ಎಂಬುದನ್ನೂ ಈ ಬರಹ ಹಿಡಿದಿಡುತ್ತದೆ. ಪೋರ್ಚುಗೀಸರ ಇಸ್ಪೀಟು ‘ಕರುತ’, ಜರ್ಮನ್ ವೈದ್ಯರಿಂದ ಬಂದ ರೋಗಿಯ ದಾಖಲೆ ‘ಕರುತೆ’, ಇಂಗ್ಲಿಷಿನ ‘ಕಾದೊ’. ಮೂಲ ಒಂದೇ ಪದ. ಇಂಗ್ಲಿಷಿನ ‘ಮಷೀನ್’ ಮೊದಲು ಕಿವಿಯಿಂದ ‘ಮಿಶಿನ್’ ಆಗಿ ಹೊಲಿಗೆ ಯಂತ್ರಕ್ಕೆ ಅಂಟಿಕೊಂಡಿತು. ಆಮೇಲೆ ‘ಮಶಿನ್’ ಆಗಿ ಉಳಿದ ಯಂತ್ರಗಳಿಗೆ ಬಂತು. 1867ರಲ್ಲಿ ಜಪಾನೀ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಅಮೆರಿಕದ ವೈದ್ಯ ಹೆಪ್‌ಬರ್ನ್ ‘ಹೆಬೊನ್’. ಅದೇ ಉಪನಾಮದ ಸಿನಿಮಾ ನಟಿ ಆಡ್ರಿ ‘ಹೆಪ್ಪುಬಾನ್’. ಒಂದನ್ನು ಕಿವಿ ಕೇಳಿ ಬರೆಯಿತು, ಇನ್ನೊಂದನ್ನು ಕಣ್ಣು ಓದಿ ಬರೆಯಿತು.

1991ರಲ್ಲಿ ಜಪಾನಿನ ಮಂತ್ರಿಮಂಡಲ ಎರವಲು ಪದಗಳ ಬರಹಕ್ಕೆ ಮಾರ್ಗಸೂಚಿ ಹೊರಡಿಸಿತು. ಆದರೂ ಚರ್ಚೆ ಮುಗಿದಿಲ್ಲ. ಜಾರ್ಜಿಯಾ ದೇಶ ತನ್ನನ್ನು ರಷ್ಯನ್ ಮೂಲದ ‘ಗುರುಜಿಯ’ ಎಂದು ಕರೆಯಬೇಡಿ ಎಂದು ಕೇಳಿಕೊಂಡ ಮೇಲೆ 2015ರಲ್ಲಿ ಅದು ‘ಜೋಜಿಯ’ ಆಯಿತು. 2022ರ ಮಾರ್ಚಿನಲ್ಲಿ ಉಕ್ರೇನಿನ ರಾಜಧಾನಿ ‘ಕಿಎಫು’ ಹೋಗಿ ‘ಕೀಉ’ ಆಯಿತು. ನಮ್ಮ ರಾಜಧಾನಿಗೂ ‘ಬಂಗರೋರು’, ‘ಬೆಂಗರೂರು’ ಎರಡು ರೂಪಗಳಿವೆ. ಮೊದಲನೆಯದು ಇಂಗ್ಲಿಷ್ ಬಾಯಿಂದ ಹೋದದ್ದು, ಎರಡನೆಯದು ನಮ್ಮದರಿಂದ.

ಈ ಪಟ್ಟಿಯಲ್ಲಿ ಯಾವುದೂ ಬರೀ ಕಾಗುಣಿತದ ಗಲಾಟೆ ಅಲ್ಲ. ‘ವಾ’ ಬೇಡ, ‘ನಿಹೊನ್’ ಎನ್ನಿ ಎಂದು 1300 ವರ್ಷಗಳ ಹಿಂದೆ ಜಪಾನೀಯರು ಕೇಳಿದ್ದನ್ನೇ ಜಾರ್ಜಿಯಾದವರು ಜಪಾನನ್ನು ಕೇಳಿದರು. ನನ್ನ ಹೆಸರಿನ ವಿಷಯದಲ್ಲಿ ಬರೆಯುವವನ ಮಾತೇ ಕೊನೆಯೋ, ನನ್ನದೂ ನಡೆಯುತ್ತದೋ ಎಂಬುದೇ ಎರಡು ಕಡೆಯೂ ಇರುವ ಪ್ರಶ್ನೆ.

ಶಾಸನ ಓದುವ ನಮಗೆ ಇದರಲ್ಲೊಂದು ಪಾಠವಿದೆ. ಕಲ್ಲಿನಲ್ಲೋ ತಾಮ್ರಪಟದಲ್ಲೋ ಪರನಾಡಿನ ಹೆಸರು ಎದುರಾದಾಗ ‘ಇದು ಯಾರು’ ಎಂದು ಗುರುತಿಸಿ ಮುಂದೆ ಹೋಗಿಬಿಡುತ್ತೇವೆ. ಅಲ್ಲೇ ಸ್ವಲ್ಪ ನಿಲ್ಲಬೇಕು. ಬರೆದವನ ಕಿವಿಗೆ ಆ ಹೆಸರು ಹೇಗೆ ಕೇಳಿಸಿತು ಎಂಬುದು ಅದರಲ್ಲಿ ಉಳಿದಿರುತ್ತದೆ. ಆ ಮನುಷ್ಯನನ್ನು ಅವನು ಎಲ್ಲಿಟ್ಟು ನೋಡಿದ ಎಂಬುದೂ ಉಳಿದಿರುತ್ತದೆ. ಶಿಕಾನೊಶಿಮಾದ ಮುದ್ರೆಯಲ್ಲಿ ಇವೆರಡೂ ಒಂದೇ ಅಕ್ಷರದಲ್ಲಿವೆ.